ಡಿಸ್ಪ್ಲೇಯಲ್ಲಿ 2 ಡಿಗ್ರಿ, ಬುಟ್ಟಿಯೊಳಗೆ 9: ಮಲ್ಪೆಯಿಂದ ಬೆಂಗಳೂರಿಗೆ ಹೋದ ಮೀನು ಹಾಳಾದದ್ದು ಎಲ್ಲಿ?

ಮಲ್ಪೆ ಕಡಲತಡಿ | ಭಾನುವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ನಮ್ಮದು ಅಪ್ಪನ ಕಾಲದಿಂದ ಮೀನಿನ ವ್ಯಾಪಾರ. ಮಲ್ಪೆಯ ಏಲಂನಲ್ಲಿ ಹಿಡಿಯುವುದು, ಇಲ್ಲಿನ ಪಾರ್ಟಿಗಳಿಗೆ ಕೊಡುವುದು, ಅಷ್ಟೇ ಇದ್ದದ್ದು. ಈ ಸಲ ಬೆಂಗಳೂರಿನ ಒಬ್ಬರು, ನೀವೇ ನೇರ ಕಳಿಸಿ, ಆದರೆ ರೀಫರ್ ಗಾಡಿಯಲ್ಲೇ (ಒಳಗೆ ತಣ್ಣಗಿಡುವ ಮಷಿನ್ ಇರುವ ಗಾಡಿ) ಬರಬೇಕು ಎಂದರು. ಬಾಡಿಗೆಗೆ ಗಾಡಿ ಹಿಡಿದೆ. ಬಂಗುಡೆ ಹೆಚ್ಚು, ಸ್ವಲ್ಪ ಅಂಜಲ್, ಎರಡು ಬುಟ್ಟಿ ಬೊಂಡಾಸ್, ಎಲ್ಲ ಸೇರಿ 1,400 ಕಿಲೋ. ಸಂಜೆ 4ಕ್ಕೆ ಮಲ್ಪೆ ಬಿಟ್ಟು ಬಿ.ಸಿ. ರೋಡ್, ಶಿರಾಡಿ ದಾರಿಯಾಗಿ ಹೋಯಿತು. ಘಾಟಿಯಲ್ಲಿ ಯಾವುದೋ ಲಾರಿ ಕೆಟ್ಟು ನಿಂತು ಎರಡು ಗಂಟೆ ಬ್ಲಾಕ್. ಬೆಳಿಗ್ಗೆ 5:30ಕ್ಕೆ ಮುಟ್ಟಿತು.

ದಾರಿಯುದ್ದಕ್ಕೂ ಡ್ರೈವರ್ ಕ್ಯಾಬಿನ್ ಒಳಗಿನ ಡಿಸ್ಪ್ಲೇಯ ಫೋಟೋ ಕಳಿಸುತ್ತ ಬಂದಿದ್ದಾನೆ. ಎಲ್ಲದರಲ್ಲೂ 2 ಡಿಗ್ರಿ, ಒಂದರಲ್ಲಿ ಮಾತ್ರ 3. ಅಲ್ಲಿ ಬಾಗಿಲು ತೆರೆದು ಖರೀದಿದಾರರ ಹುಡುಗ ಒಂದು ಬಂಗುಡೆಯ ಬೆನ್ನಿಗೆ ಸೂಜಿ ಥರ್ಮಾಮೀಟರ್ ಚುಚ್ಚಿದ. 9. ಇನ್ನೊಂದು ಬುಟ್ಟಿಯಲ್ಲಿ ಎಂಟೂವರೆ. ಕಿವಿರು ಎತ್ತಿದರೆ ಕೆಂಪು ಹೋಗಿ ಕಂದು ಬಣ್ಣ. 22 ಬುಟ್ಟಿ ಹಿಂದಕ್ಕೆ.

ಗಾಡಿಯವರು ಮಷಿನ್ ಸರಿ ಇತ್ತು, ಫೋಟೋ ಉಂಟಲ್ಲ ಎನ್ನುತ್ತಾರೆ. ಖರೀದಿದಾರರು ಮೀನು ಬಿಸಿಯಾಗಿದೆ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಮೀನು ಬಿಸಿಯಾದದ್ದು ಎಲ್ಲಿ?

ದಕ್ಕೆಯ ಹಳಬ | ಭಾನುವಾರ, ರಾತ್ರಿ 10:05

ತಮ್ಮಾ, ನಾನು ಮಂಗಳೂರು ದಕ್ಕೆಯಲ್ಲಿ, ಬೋಟಿನಿಂದ ಮೀನು ಇಳಿಸುವ ಕಡೆ, 38 ವರ್ಷ ಮೀನು ಲೋಡ್ ಮಾಡಿಸಿದವ. ಒಂದು ಮಾತು ಕೇಳುತ್ತೇನೆ, ಐಸ್ ಎಷ್ಟು ಹಾಕಿದ್ದೆ? ರೀಫರ್ ಬಂದ ಮೇಲೆ ಎಲ್ಲರೂ ಐಸಿಗೆ ಲೋಭ ಮಾಡುತ್ತಾರೆ. ಮಷಿನ್ ಉಂಟಲ್ಲ ಎಂಬ ಧೈರ್ಯ. ನಮ್ಮ ಕಾಲದಲ್ಲಿ ಒಂದು ಬುಟ್ಟಿ ಮೀನಿಗೆ ಒಂದು ಬುಟ್ಟಿ ಐಸ್. ಅಡಿಯಲ್ಲಿ ಐಸ್, ನಡುವೆ ಐಸ್, ಮೇಲೆ ಐಸ್. ಬಂಗುಡೆಯ ಹೊಟ್ಟೆಯ ಬದಿಗೆ ಐಸ್ ತಾಗಿಕೊಂಡೇ ಇರಬೇಕು. ಮಷಿನ್ ಇಲ್ಲದ ಗಾಡಿಯಲ್ಲಿ ನಾವು ಕೇರಳಕ್ಕೂ ಬೆಂಗಳೂರಿಗೂ ಕಳಿಸಿದ್ದೇವೆ, ಇಳಿಸುವಾಗ ಕೈ ಹಾಕಿದರೆ ಬೆರಳು ಮರಗಟ್ಟುತ್ತಿತ್ತು.

ಬರೀ ಗಾಳಿ ಬೀಸಿದರೆ ಮೀನು ತಣ್ಣಗಾಗುವುದಿಲ್ಲ, ಒಣಗುತ್ತದೆ.

ಬೈಕಂಪಾಡಿ ರೀಫರ್ ಕೆಲಸ | ಭಾನುವಾರ, ರಾತ್ರಿ 10:40

ನಾನು ರೀಫರ್ ಮಷಿನ್ ರಿಪೇರಿ ಮಾಡುವವ. ಉತ್ತರ ಹೇಳುವ ಮೊದಲು ಕೆಲವು ವಿಷಯ ತಿಳಿಯಬೇಕು. ವಾಪಸ್ ಬಂದ 22 ಬುಟ್ಟಿ ಗಾಡಿಯ ಯಾವ ಭಾಗದಲ್ಲಿ ಇದ್ದವು, ಮುಂದೆಯೋ, ನಡುವೆಯೋ, ಬಾಗಿಲ ಹತ್ತಿರವೋ? ಬುಟ್ಟಿಗಳನ್ನು ಸೀಲಿಂಗ್‌ವರೆಗೆ ಪೇರಿಸಿದ್ದೀರಾ? ಗಾಡಿ ಬಂದಾಗ ಒಳಗೆ ಬಿಸಿ ಇತ್ತೋ ತಣ್ಣಗಿತ್ತೋ? ಏಲಂ ಆದ ಮೇಲೆ ಮೀನು ಎಷ್ಟು ಹೊತ್ತು ಹೊರಗೆ ಇತ್ತು? ಮತ್ತೆ, ಮುಂದಿನ ಸಾಲಿನಲ್ಲಿ ಬ್ಲೋವರಿನ ಕೆಳಗಿದ್ದ ಬುಟ್ಟಿಯ ಮೀನು ಹೇಗಿತ್ತು? ಈ ಕೊನೆಯದನ್ನು ನೆನಪು ಮಾಡಿ ಹೇಳಿ.

ಮಲ್ಪೆ ಕಡಲತಡಿ | ಸೋಮವಾರ, ಬೆಳಿಗ್ಗೆ 6:15

ಖರೀದಿದಾರರ ಹುಡುಗನಿಗೆ ಫೋನ್ ಮಾಡಿ ಕೇಳಿದೆ ಅಣ್ಣ. ಹಾಳಾದದ್ದು ನಡುವಿನವು ಮತ್ತು ಬಾಗಿಲ ಬದಿಯವು. ಮುಂದಿನ ಸಾಲಿನಲ್ಲಿ ಮೇಲಿದ್ದ ಎರಡು ಬುಟ್ಟಿಯಲ್ಲಿ ಅಂಜಲ್ ಬಾಲ ಕಲ್ಲಿನ ಹಾಗೆ ಗಟ್ಟಿಯಾಗಿತ್ತಂತೆ! ಒಂದೇ ಗಾಡಿಯಲ್ಲಿ ಹೀಗೆ ಹೇಗೆ?

ಬುಟ್ಟಿ ಸೀಲಿಂಗ್‌ಗೆ ತಾಗುವಷ್ಟು ಇತ್ತು. ಎರಡು ಸಾಲಿನ ನಡುವೆ ಕೈ ಹೋಗುವಷ್ಟೂ ಜಾಗ ಬಿಟ್ಟಿರಲಿಲ್ಲ, ಅಲ್ಲಾಡಬಾರದು ಎಂದು ನಾನೇ ಒತ್ತಿ ಇಡಿಸಿದ್ದೆ. ಗಾಡಿ ಮಧ್ಯಾಹ್ನ 2ಕ್ಕೆ ಬಂದು ಬಿಸಿಲಿನಲ್ಲೇ ನಿಂತಿತ್ತು. ಬಾಗಿಲು ತೆರೆದಾಗ ಮುಖಕ್ಕೆ ಝಳ ಹೊಡೆಯಿತು. ಲೋಡಿಂಗ್‌ಗೆ ಒಂದೂಕಾಲು ಗಂಟೆ. ಮೀನು ಪರ್ಸೀನ್ (ದೊಡ್ಡ ಸುತ್ತುಬಲೆ) ಬೋಟಿನದು, ಏಲಂ ಮುಗಿದು ಲೋಡ್ ಆಗುವ ತನಕ ನೆರಳಲ್ಲಿತ್ತು. ಐಸ್ ಹಾಕಿದ್ದೆ, ಆದರೆ ಹಳಬರು ಹೇಳಿದಷ್ಟು ಅಲ್ಲ. ಮೇಲಿಂದ ಒಂದು ಪದರ ಮಾತ್ರ.

ಬೈಕಂಪಾಡಿ ರೀಫರ್ ಕೆಲಸ | ಸೋಮವಾರ, ಮಧ್ಯಾಹ್ನ 1:30

ಈಗ ಗೊತ್ತಾಯಿತು. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಉದ್ದವಾದರೆ ಕ್ಷಮಿಸಿ.

ಮೊದಲ ವಿಷಯ, ರೀಫರ್ ಗಾಡಿ ಇರುವುದು ಸಾಮಾನನ್ನು ತಣ್ಣಗೆ ಮಾಡಲಿಕ್ಕಲ್ಲ. ತಣ್ಣಗೆ ಬಂದದ್ದನ್ನು ತಣ್ಣಗೆ ಉಳಿಸಲಿಕ್ಕೆ. ಗೋಡೆ, ಬಾಗಿಲು, ತಳದಿಂದ ಒಳಗೆ ನುಸುಳುವ ಶಾಖವನ್ನು ಹೊರಗೆ ಹಾಕುವಷ್ಟಕ್ಕೇ ಮಷಿನಿನ ಶಕ್ತಿಯನ್ನು ಲೆಕ್ಕ ಹಾಕಿರುತ್ತಾರೆ. ಲೆಕ್ಕ ಕೇಳಿ: ಒಂದು ಟನ್ ಮೀನನ್ನು 10 ಡಿಗ್ರಿಯಿಂದ 2ಕ್ಕೆ ಇಳಿಸಲು ತೆಗೆಯಬೇಕಾದ ಶಾಖ, ಸುಮಾರು 86 ಕಿಲೋ ಐಸ್ ಕರಗುವಾಗ ಹೀರುವ ಶಾಖಕ್ಕೆ ಸಮ. ಐಸ್ ಆದರೆ ಮೀನಿಗೆ ತಾಗಿಕೊಂಡು ಆ ಕೆಲಸ ಬೇಗ ಮಾಡುತ್ತದೆ. ಗಾಳಿ ಹಾಗಲ್ಲ. ಬುಟ್ಟಿಯ ಹೊರಗಿನಿಂದ ಬೀಸಿ, ಒತ್ತಿ ಪೇರಿಸಿದ ರಾಶಿಯ ನಡುವಿನ ಬಂಗುಡೆಯನ್ನು ತಣ್ಣಗೆ ಮಾಡಬೇಕಾದರೆ ಬೆಂಗಳೂರು ದಾಟಿ ಹೋದರೂ ಆಗಲಿಕ್ಕಿಲ್ಲ. ಹಳಬರು ಹೇಳಿದ್ದು ಅಲ್ಲಿಯ ಮಟ್ಟಿಗೆ ನೂರಕ್ಕೆ ನೂರು ಸರಿ.

ಇನ್ನು ಡಿಸ್ಪ್ಲೇ. ಅದು ತೋರಿಸುವುದು ಮೀನಿನ ಬಿಸಿಯನ್ನಲ್ಲ, ಗಾಳಿಯ ಬಿಸಿಯನ್ನು. ಈ ನಮೂನೆಯ ಗಾಡಿಯಲ್ಲಿ ಸೆನ್ಸರ್ ಹೆಚ್ಚಾಗಿ ಮಷಿನಿಗೆ ಗಾಳಿ ವಾಪಸ್ ಬರುವ ಜಾಗದಲ್ಲಿ, ಅಂದರೆ ಮುಂದಿನ ಗೋಡೆಯಲ್ಲೇ ಇರುತ್ತದೆ. ಬ್ಲೋವರಿನಿಂದ ಹೊರಟ ಗಾಳಿ ಸೀಲಿಂಗ್ ಹಿಡಿದು ಬಾಗಿಲವರೆಗೆ ಹೋಗಿ, ಕೆಳಗಿಳಿದು, ನೆಲದ ಮೇಲಿಂದ ಮುಂದಕ್ಕೆ ಬರಬೇಕು. ನಿಮ್ಮ ಬುಟ್ಟಿ ಸೀಲಿಂಗ್‌ಗೆ ತಾಗಿತ್ತು. ಗಾಳಿಗೆ ಹಿಂದೆ ಹೋಗಲಿಕ್ಕೆ ದಾರಿಯೇ ಇಲ್ಲ. ಎದುರಿನ ಬುಟ್ಟಿಗೆ ಬಡಿದು ಅಲ್ಲಿಂದಲೇ ತಿರುಗಿ ಸೆನ್ಸರಿಗೆ ಬಂತು. ಸೆನ್ಸರ್ 2 ಡಿಗ್ರಿ ಎಂದಿತು, ಮಷಿನ್ ಸಾಕು ಎಂದು ಕೂತಿತು. ಮುಂದಿನ ಎರಡು ಬುಟ್ಟಿ ಹೆಪ್ಪುಗಟ್ಟಿದ್ದು, ಹಿಂದಿನವು 9 ಡಿಗ್ರಿಯಲ್ಲಿ ಬೆಂದದ್ದು, ಎರಡೂ ಒಂದೇ ತಪ್ಪಿನಿಂದ.

ಬಿಸಿಲಲ್ಲಿ ನಿಂತ ಗಾಡಿಯ ಪಫ್ (ಶಾಖ ತಡೆಯುವ ಫೋಮ್) ಗೋಡೆಯೂ ಕಾದಿರುತ್ತದೆ, ಆ ಶಾಖವೂ ಮೀನಿನ ಮೇಲೆಯೇ ಬೀಳುವುದು. ಲೋಡ್ ಮಾಡುವ ಮೊದಲು ಬಾಗಿಲು ಹಾಕಿ ಖಾಲಿ ಗಾಡಿಯನ್ನು ಓಡಿಸಿ ತಣ್ಣಗೆ ಮಾಡಿಕೊಳ್ಳಬೇಕು. ಆಮೇಲೆ ಲೋಡಿಂಗ್‌ಗೆ ಬಾಗಿಲು ತೆರೆಯುವಾಗ ಮಷಿನ್ ನಿಲ್ಲಿಸಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಬಾಗಿಲು ತೆರೆದು ಫ್ಯಾನ್ ಓಡಿಸಿದರೆ ಮಲ್ಪೆಯ ಹಸಿ ಗಾಳಿಯನ್ನು ಒಳಗೆ ಎಳೆದುಕೊಂಡು, ಗಾಳಿಯನ್ನು ತಣ್ಣಗೆ ಮಾಡುವ ಕಾಯಿಲ್ ಮೇಲೆ ಬಿಳಿ ಹಿಮ ಕಟ್ಟುತ್ತದೆ. ಕಾಯಿಲ್ ಕಟ್ಟಿದರೆ ಗಾಳಿಯೇ ದಾಟುವುದಿಲ್ಲ.

ಗುಂಡ್ಯ ರಾತ್ರಿ ಪಾಳಿ | ಸೋಮವಾರ, ರಾತ್ರಿ 11:50

ನಾನು ಡ್ರೈವರ್. ಮಂಗಳೂರು–ಬೆಂಗಳೂರು 11 ವರ್ಷ ಆಯಿತು, ಅದರಲ್ಲಿ 6 ವರ್ಷ ರೀಫರ್. ಇಲ್ಲಿ ಹೇಳಿದ ಗಾಡಿ ನನ್ನದಲ್ಲ, ಆದರೆ ಆ ಎರಡು ಗಂಟೆ ಬ್ಲಾಕಿನಲ್ಲಿ ಎಂತ ಆಗಿರಬಹುದು ಎಂದು ನಾನು ಹೇಳಬಲ್ಲೆ.

ಸಣ್ಣ ರೀಫರ್‌ಗಳಲ್ಲಿ ಹೆಚ್ಚಿನವು ಗಾಡಿಯ ಇಂಜಿನ್ನಿಗೇ ಬೆಲ್ಟ್ ಹಾಕಿ ಕಂಪ್ರೆಸರ್ ತಿರುಗಿಸುವಂಥವು. ದೊಡ್ಡ ಕಂಟೇನರ್‌ಗೆ ಇರುವ ಹಾಗೆ ಬೇರೆ ಡೀಸೆಲ್ ಇಂಜಿನ್ ಇರುವುದಿಲ್ಲ. ಗಾಡಿ ನಿಂತು ಐಡಲಿಂಗ್‌ನಲ್ಲಿ ಇದ್ದರೆ ಕೂಲಿಂಗ್ ಅರ್ಧಂಬರ್ಧ. ಇಂಜಿನ್ ಆಫ್ ಮಾಡಿದರೆ ಕೂಲಿಂಗ್ ಇಲ್ಲವೇ ಇಲ್ಲ. ಘಾಟಿ ಬ್ಲಾಕ್ ಆದರೆ ಯಾವಾಗ ಬಿಡುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದಾಗ ಆ ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಅದರ ಕಷ್ಟ ಗೊತ್ತುಂಟು. ಅಂಥ ಹೊತ್ತಿನಲ್ಲಿ ಸಾಲಿನಲ್ಲಿದ್ದವರೆಲ್ಲ ಇಂಜಿನ್ ಆಫ್ ಮಾಡುತ್ತಾರೆ. ನಾವೂ ಮಾಡುತ್ತೇವೆ.

ಯಾಕೆ ಎಂದರೆ, ಟ್ರಿಪ್ ಮುಗಿಸಿ ಬಂದಾಗ ಓನರ್ ನನ್ನ ಹತ್ತಿರ ಡೀಸೆಲ್ ಲೆಕ್ಕ ಕೇಳುತ್ತಾರೆ. ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಎಂದು ಕೇಳುತ್ತಾರೆ. ಒಳಗೆ ಎಷ್ಟು ಡಿಗ್ರಿ ಇತ್ತು ಎಂದು ಆರು ವರ್ಷದಲ್ಲಿ ಯಾರೂ ಕೇಳಿಲ್ಲ. ಲೋಡ್ ಮಾಡುವವರು ಎಂತ ತುಂಬಿಸಿದ್ದೀರಿ, ಎಷ್ಟರಲ್ಲಿ ಇಡಬೇಕು ಎಂದು ಬರೆದು ಕೊಡುವುದೂ ಇಲ್ಲ. ಬಾಯಲ್ಲಿ "ಕೂಲಿಂಗ್ ನೋಡ್ಕೊ" ಎನ್ನುತ್ತಾರೆ. ಒಮ್ಮೆ ಬೀನ್ಸ್, ಕ್ಯಾಪ್ಸಿಕಮ್ ತುಂಬಿಸಿದ್ದರು, ನಾನು ಹಿಂದಿನ ಟ್ರಿಪ್ಪಿನ ಫ್ರೋಜನ್ ಸೆಟ್ಟಿಂಗ್ ಬದಲಿಸದೆ ಹೋಗಿ ಪೂರ್ತಿ ಲೋಡ್ ನೀರಾಗಿಹೋಯಿತು. ಅದು ನನ್ನ ತಪ್ಪೇ. ಆದರೆ ಒಂದು ಚೀಟಿ ಇದ್ದಿದ್ದರೆ ಆ ತಪ್ಪು ಆಗುತ್ತಿರಲಿಲ್ಲ.

ಮಲ್ಪೆಯ ಅಣ್ಣ, ಮುಂದಿನ ಸಲ ಡ್ರೈವರ್ ಕೈಗೆ ಚೀಟಿ ಕೊಡಿ. ಬ್ಲಾಕ್ ಆದರೆ ಇಂಜಿನ್ ಆಫ್ ಮಾಡಬೇಡ, ಆ ಡೀಸೆಲ್ ನನ್ನ ಲೆಕ್ಕ ಎಂದು ಬರೆದು ಸಹಿ ಹಾಕಿ. ಆ ಕಾಗದ ಇದ್ದರೆ ನಮಗೆ ಓನರಿಗೆ ಹೇಳಲಿಕ್ಕೆ ಬಾಯಿ ಬರುತ್ತದೆ.

ಎಕ್ಕೂರಿನಲ್ಲಿ ಓದಿದವಳು | ಮಂಗಳವಾರ, ಬೆಳಿಗ್ಗೆ 9:10

ಡ್ರೈವರ್ ಅಣ್ಣ ಬರೆದದ್ದನ್ನು ಎಲ್ಲ ಮಾಲೀಕರೂ ಓದಬೇಕು.

ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು, 1969ರಲ್ಲಿ ಶುರುವಾದ ಕಾಲೇಜು. ಆ ಹಿಂದಕ್ಕೆ ಬಂದ 22 ಬುಟ್ಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ದಯವಿಟ್ಟು ಅದನ್ನು ಇನ್ನೊಂದು ಮಾರ್ಕೆಟ್‌ನಲ್ಲಿ ಕಡಿಮೆ ದರಕ್ಕೆ ಕೊಡುವ ಯೋಚನೆ ಮಾಡಬೇಡಿ.

ಬಂಗುಡೆ, ಅಂಜಲ್, ಕೇದರ, ಬೂತಾಯಿ, ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಸಹಜವಾಗಿಯೇ ಹೆಚ್ಚು. ಮೀನು ಬೆಚ್ಚಗಾದರೆ ಕೆಲವು ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಮಾಡುತ್ತವೆ. ತಿಂದವರಿಗೆ ಮುಖ ಕೆಂಪೇರುವುದು, ತಲೆನೋವು, ಮೈ ತುರಿಕೆ, ಎದೆ ಬಡಿತ. ಹೆಚ್ಚಿನವರು ಮೀನು ಅಲರ್ಜಿ ಎಂದುಕೊಳ್ಳುತ್ತಾರೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಮತ್ತೆ ಐಸ್ ಹಾಕಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ, ಪುಳಿಮುಂಚಿ ಮಾಡಿ ಕುದಿಸಿದರೂ ಹೋಗುವುದಿಲ್ಲ. ವಾಸನೆ ಬಾರದೆಯೂ ಇರಬಹುದು, ಮೂಗನ್ನು ನಂಬುವ ಹಾಗಿಲ್ಲ. ಬೋಟಿನಿಂದ ಇಳಿದ ಕ್ಷಣದಿಂದ ಸೊನ್ನೆಯ ಹತ್ತಿರ ಇಡುವುದೊಂದೇ ದಾರಿ.

ಮಷಿನ್ ಬೇಕೋ ಐಸ್ ಬೇಕೋ ಎಂಬುದಕ್ಕೆ: ತಾಜಾ ಮೀನಿಗೆ ಎರಡೂ ಬೇಕು, ಆದರೆ ಮಷಿನನ್ನು ಸೊನ್ನೆಗಿಂತ ಕೆಳಗೆ ಇಡಬೇಡಿ. ಐಸ್ ಕೆಲಸ ಮಾಡುವುದು ಕರಗುವಾಗ. ಗಾಡಿ ಮೈನಸ್‌ಗೆ ಹೋದರೆ ಐಸ್ ಕಲ್ಲಾಗಿ ಕೂರುತ್ತದೆ, ಮೀನಿನ ಶಾಖವನ್ನು ಹೀರುವುದೇ ಇಲ್ಲ. 1ರಿಂದ 2 ಡಿಗ್ರಿಯಲ್ಲಿ ಇಟ್ಟರೆ ಐಸ್ ಮೆಲ್ಲಗೆ ಕರಗುತ್ತದೆ, ಆ ತಣ್ಣೀರು ಮೀನಿನ ಮೈಯನ್ನು ತೊಳೆಯುತ್ತ ಇಳಿಯುತ್ತದೆ, ಒಣಗುವುದೂ ತಪ್ಪುತ್ತದೆ. ಹಳಬರಿಗೆ ಇದು ಅನುಭವದಲ್ಲೇ ಗೊತ್ತುಂಟು.

ಮಲ್ಪೆ ಕಡಲತಡಿ | ಮಂಗಳವಾರ, ಬೆಳಿಗ್ಗೆ 9:40

ಅಕ್ಕ, ಆ ಬುಟ್ಟಿಗಳನ್ನು ಫಿಶ್‌ಮೀಲ್‌ಗೆ ಕೊಟ್ಟಾಯಿತು. ಯಾರ ಮನೆಗೂ ಹೋಗಿಲ್ಲ. ಬೆಲೆ ಹೇಳುವ ಹಾಗಿಲ್ಲ, ಆದರೆ ನೀವು ಬರೆದದ್ದು ಓದಿದ ಮೇಲೆ ಸರಿಯೇ ಆಯಿತು ಅನಿಸಿತು.

ಪಡುಬಿದ್ರಿ ಸ್ಕೂಟರ್ | ಮಂಗಳವಾರ, ಬೆಳಿಗ್ಗೆ 11:00

ಐಸ್ ಕರಗಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಪಡುಬಿದ್ರಿಯಿಂದ ಸುರತ್ಕಲ್‌ಗೆ ದಿನಾ ಕೆಲಸಕ್ಕೆ ಹೋಗುವವಳು. ಹೋದ ವರ್ಷ ಮೀನಿನ ಲಾರಿಯ ಹಿಂದೆ ಹೋಗುವಾಗ ಅದರ ಪೈಪಿನಿಂದ ಸುರಿದ ನೀರಿಗೆ ಸ್ಕೂಟರ್ ಜಾರಿ ಬಿದ್ದೆ, ಮಣಿಗಂಟು ಮುರಿದು ಆರು ವಾರ ಪ್ಲಾಸ್ಟರ್. ಮೀನೆಣ್ಣೆ ಸೇರಿದ ನೀರು ಬರೀ ಮಳೆ ನೀರಿನ ಹಾಗಲ್ಲ, ಟಯರ್ ಹಿಡಿಯುವುದೇ ಇಲ್ಲ. ಐಸ್ ಹೆಚ್ಚು ಹಾಕಿ ಎಂದು ಹೇಳುವವರು ಈ ಮಾತನ್ನೂ ಸೇರಿಸಿ ಹೇಳಿ.

ದಕ್ಕೆಯ ಹಳಬ | ಮಂಗಳವಾರ, ಮಧ್ಯಾಹ್ನ 12:20

ಮಗಳೇ, ಓದಿ ಬೇಜಾರಾಯಿತು. ಕೈ ಈಗ ಪೂರ್ತಿ ಗುಣ ಆಗಿದೆಯಾ? ನೀನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ನಮ್ಮವರು ಮಾಡುವುದು ದೊಡ್ಡ ತಪ್ಪು.

ದಾರಿ ಇಲ್ಲದ್ದೇನಲ್ಲ. ಗಾಡಿಯ ಅಡಿಯಲ್ಲಿ ಟ್ಯಾಂಕ್ ಕೂರಿಸಿ, ನೀರು ಹೋಗುವ ತೂತನ್ನು ಅದಕ್ಕೆ ಜೋಡಿಸಿದರೆ ರಸ್ತೆಗೆ ಒಂದು ಹನಿ ಬೀಳುವುದಿಲ್ಲ. ಅದನ್ನು ಖಾಲಿ ಮಾಡುವುದು ದಕ್ಕೆಯಲ್ಲಿ ಅಥವಾ ಇಳಿಸುವ ಜಾಗದಲ್ಲಿ, ನಡುದಾರಿಯಲ್ಲಿ ವಾಲ್ವ್ ತಿರುಗಿಸುವುದಲ್ಲ. ಟ್ಯಾಂಕ್ ಇದ್ದೂ ರಾತ್ರಿ ಕತ್ತಲೆಯಲ್ಲಿ ವಾಲ್ವ್ ತೆರೆದುಬಿಡುವವರನ್ನು ನಾನು ನೋಡಿದ್ದೇನೆ, ಅಂಥವರ ಗಾಡಿಗೆ ನಾನು ಲೋಡ್ ಕೊಡುವುದು ನಿಲ್ಲಿಸಿದೆ. ತಮ್ಮಾ ಮಲ್ಪೆ, ನೀನೂ ಗಾಡಿ ಹಿಡಿಯುವ ಮೊದಲು ಬಗ್ಗಿ ಅಡಿಗೆ ನೋಡು.

ಬುಟ್ಟಿಯ ಕೆಳಗೆ ಮರದ ಪಟ್ಟಿಯೋ ಪ್ಲಾಸ್ಟಿಕ್ ಜಾಲರಿಯೋ ಹಾಕಬೇಕು. ಮೀನು ತನ್ನದೇ ನೀರಿನಲ್ಲಿ ಕೂತರೆ ಎಷ್ಟು ಐಸ್ ಇದ್ದರೂ ಬಣ್ಣ ಹೋಗುತ್ತದೆ.

ಮಣಿಪಾಲದಿಂದ ಒಬ್ಬ ತಾಯಿ | ಮಂಗಳವಾರ, ರಾತ್ರಿ 8:30

ಮೀನಿನ ಮಾತಿನ ನಡುವೆ ಬರುತ್ತಿದ್ದೇನೆ. ನನ್ನ ಮಗನಿಗೆ 9 ವರ್ಷ, ಟೈಪ್ 1 ಡಯಾಬಿಟಿಸ್, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಬೈಕಂಪಾಡಿಯ ಅಣ್ಣ ಒಂದೇ ಗಾಡಿಯಲ್ಲಿ ಮುಂದೆ ಹೆಪ್ಪು, ಹಿಂದೆ ಬಿಸಿ ಎಂದು ಬರೆದದ್ದನ್ನು ಓದಿ ಮೈ ನಡುಗಿತು.

ಕಳೆದ ಏಪ್ರಿಲ್‌ನಲ್ಲಿ ಇನ್ಸುಲಿನ್ ಕೊರಿಯರ್‌ನಲ್ಲಿ ಬಂತು. ಪೆಟ್ಟಿ ತೆರೆದರೆ ಜೆಲ್ ಪ್ಯಾಕ್ ಕಲ್ಲಿನಂತೆ ಗಟ್ಟಿ, ಔಷಧಿಯ ಡಬ್ಬಿ ಅದಕ್ಕೆ ಅಂಟಿಕೊಂಡಿತ್ತು. ತಣ್ಣಗೆ ಬಂದಿದೆ ಎಂದು ನನಗೆ ಸಮಾಧಾನವೇ ಆಯಿತು. ಎರಡು ದಿನ ಮಗುವಿನ ಶುಗರ್ ಮುನ್ನೂರರ ಕೆಳಗೆ ಇಳಿಯಲಿಲ್ಲ. ಡೋಸ್ ಹೆಚ್ಚಿಸುತ್ತಾ ಹೋದೆವು. ಮೂರನೆಯ ದಿನ ಡಾಕ್ಟರು ಪೆನ್ ಕೈಗೆ ತೆಗೆದುಕೊಂಡು ಕೇಳಿದ ಮೊದಲ ಪ್ರಶ್ನೆ, "ಇದು ಎಲ್ಲಿಂದ ಬಂತು, ಹೇಗೆ ಬಂತು?" ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಕಣ್ಣಿಗೆ ಮೊದಲಿನ ಹಾಗೆಯೇ ಕಾಣಬಹುದು, ಆದರೆ ಬಳಸಬಾರದು ಎಂದರು. ಹೊಸ ಪೆನ್ ಹಾಕಿದ ದಿನವೇ ಶುಗರ್ ಹತೋಟಿಗೆ ಬಂತು.

ಬಿಸಿಯಾದರೆ ಹಾಳು ಎಂದು ಎಲ್ಲರಿಗೂ ಗೊತ್ತು. ಅತಿ ತಣ್ಣಗಾದರೂ ಹಾಳು ಎಂದು ಸಾಗಿಸುವವರಿಗೆ ಯಾರು ಹೇಳುತ್ತಾರೆ?

ಕಾರ್ಕಳದ ಲಸಿಕೆ ಅಕ್ಕ | ಮಂಗಳವಾರ, ರಾತ್ರಿ 9:45

ಅಮ್ಮಾ, ನಿಮ್ಮ ಮಾತು ಓದಿ ಸುಮ್ಮನಿರಲಿಕ್ಕೆ ಆಗಲಿಲ್ಲ. ನಾನು ಆರೋಗ್ಯ ಇಲಾಖೆಯಲ್ಲಿ ಹಳ್ಳಿ ಹಳ್ಳಿಗೆ ಲಸಿಕೆ ಕೊಂಡುಹೋಗುವವಳು. ನಮ್ಮ ಕೆಲಸದಲ್ಲಿ ಮೊದಲ ಪಾಠವೇ ಇದು, 2ರಿಂದ 8 ಡಿಗ್ರಿ. ಪೋಲಿಯೋ ಹನಿಗೆ ಬಿಸಿಯೇ ಶತ್ರು. ಆದರೆ ಪೆಂಟಾವಲೆಂಟ್, ಹೆಪಟೈಟಿಸ್ ಬಿ, ಟಿಡಿ, ಇವು ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು.

ನಮ್ಮ ಕ್ಯಾರಿಯರ್ ಪೆಟ್ಟಿಯಲ್ಲಿ ನಾಲ್ಕು ಐಸ್ ಪ್ಯಾಕ್. ಫ್ರೀಜರಿನಿಂದ ತೆಗೆದ ಕೂಡಲೇ ಅದನ್ನು ಪೆಟ್ಟಿಗೆ ಹಾಕುವ ಹಾಗಿಲ್ಲ. ಮೇಜಿನ ಮೇಲೆ ಸಾಲಾಗಿ ಇಟ್ಟು ಕಾಯಬೇಕು. ಮೈಯಲ್ಲಿ ಬೆವರು ಮೂಡುತ್ತದೆ. ಆಮೇಲೆ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರು ಕುಲುಕಿದ ಸದ್ದು ಕೇಳಿದರೆ ಮಾತ್ರ ಅದು ತಯಾರು, ಅಂದರೆ ಸೊನ್ನೆಗೆ ಬಂದಿದೆ, ಅದಕ್ಕಿಂತ ಕೆಳಗೆ ಇಲ್ಲ. ಬೆಳಿಗ್ಗೆ ಬಸ್ಸು ತಪ್ಪುತ್ತದೆ ಎಂಬ ಅವಸರ ಎಷ್ಟಿದ್ದರೂ ಆ ಸದ್ದು ಕೇಳದೆ ನಾನು ಪೆಟ್ಟಿ ಮುಚ್ಚಿಲ್ಲ.

ಸೀಸೆಯ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಚೌಕ ಇರುತ್ತದೆ. ಚೌಕ ಹೊರಗಿನ ವೃತ್ತಕ್ಕಿಂತ ತಿಳಿ ಬಣ್ಣದಲ್ಲಿದ್ದರೆ ಬಳಸಬಹುದು, ಅಷ್ಟೇ ಕಪ್ಪಾದರೆ ಬಿಸಾಡಬೇಕು. ಆದರೆ ಆ ಗುರುತು ಬಿಸಿ ತಾಗಿದ್ದನ್ನು ಮಾತ್ರ ಹೇಳುತ್ತದೆ, ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಹಾಗಾಗಿ ಆ ಬದಿಯ ಕಾವಲು ನಮ್ಮ ಕಿವಿ ಮತ್ತು ಕೈಯದ್ದೇ.

ಇನ್ನು ಮುಂದೆ ಇನ್ಸುಲಿನ್ ತರುವಾಗ ಐಸ್ ಪ್ಯಾಕ್ ಮತ್ತು ಡಬ್ಬಿಯ ನಡುವೆ ಒಂದು ಬಟ್ಟೆಯೋ ರಟ್ಟೋ ಇರಲಿ. ಬಸ್ಸಿನಲ್ಲಾದರೆ ಇಂಜಿನ್ ಬಾನೆಟ್ ಹತ್ತಿರ ಇಡಬೇಡಿ, ಮಡಿಲಲ್ಲೇ ಇಟ್ಟುಕೊಳ್ಳಿ. ಕೊರಿಯರ್‌ನಿಂದ ಬಂದದ್ದು ಪ್ಯಾಕಿಗೆ ಅಂಟಿಕೊಂಡು ಬಂದರೆ ಫೋಟೋ ತೆಗೆದು ಹಿಂದಕ್ಕೆ ಕಳಿಸಿ.

ರಕ್ತನಿಧಿ ಕೆಲಸದವ | ಮಂಗಳವಾರ, ರಾತ್ರಿ 10:30

ಇದಕ್ಕೆ ಒಂದು ಸೇರಿಸುತ್ತೇನೆ. ಕೆಂಪು ರಕ್ತದ ಚೀಲ ಸಾಗಿಸುವಾಗ 2ರಿಂದ 10 ಡಿಗ್ರಿಯೊಳಗೆ ಇರಬೇಕು. ಪ್ಲೇಟ್‌ಲೆಟ್ 20ರಿಂದ 24ರಲ್ಲಿ, ಅದಕ್ಕೆ ಐಸ್ ತಾಗಲೇಬಾರದು. ಡೆಂಗ್ಯೂ ದಿನಗಳಲ್ಲಿ ರೋಗಿಯ ಮನೆಯವರು ಗಾಬರಿಯಲ್ಲಿ ಐಸ್ ತುಂಬಿದ ಡಬ್ಬಿ ಹಿಡಿದುಕೊಂಡು ಬರುತ್ತಾರೆ. ಕೈಮುಗಿದು ಐಸ್ ತೆಗೆಸುತ್ತೇವೆ. ಯಾವುದಕ್ಕೆ ಎಷ್ಟು ಬೇಕು ಎಂದು ಕೊಡುವವರನ್ನು ಕೇಳಿಯೇ ಹೊರಡಿ.

ಐಸ್‌ಕ್ರೀಮ್ ಏಜೆನ್ಸಿ, ಕುಂದಾಪುರ ಲೈನ್ | ಬುಧವಾರ, ಬೆಳಿಗ್ಗೆ 7:00

ನಮ್ಮದು ಮೈನಸ್ 18ರ ಲೋಕ. ಮಂಗಳೂರಿನಿಂದ ಕುಂದಾಪುರದವರೆಗೆ ದಿನಕ್ಕೆ ಮೂವತ್ತು, ನಲವತ್ತು ಅಂಗಡಿ. ಅಂದರೆ ಅಷ್ಟು ಸಲ ಬಾಗಿಲು ತೆರೆಯಬೇಕು. ಫ್ಯಾನ್ ಇರುವ ಮಷಿನಿಗಿಂತ ನಮಗೆ ಯುಟೆಕ್ಟಿಕ್ ಪ್ಲೇಟ್‌ನ ಗಾಡಿ ಒಳ್ಳೆಯದಾಗಿದೆ. ಗೋಡೆಯಲ್ಲಿರುವ ಪ್ಲೇಟ್‌ಗಳನ್ನು ರಾತ್ರಿ ಕರೆಂಟಿಗೆ ಹಾಕಿ ಗಡ್ಡೆ ಕಟ್ಟಿಸಿದರೆ ಹಗಲಿಡೀ ಅದೇ ಚಳಿ ಕೊಡುತ್ತದೆ. ಇಂಜಿನ್ ಆಫ್ ಆದರೂ ಚಿಂತೆಯಿಲ್ಲ. ಆದರೆ ರಾತ್ರಿ ಕರೆಂಟ್ ಹೋದರೆ ಮರುದಿನ ಗಾಡಿ ಹೊರಡಿಸುವುದಿಲ್ಲ, ಅದನ್ನು ನಾನು ನಿಯಮ ಮಾಡಿಕೊಂಡಿದ್ದೇನೆ.

ಅರ್ಧ ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಮ್ ಬಾಯಲ್ಲಿ ಮರಳು ಮರಳಾಗಿ ಸಿಗುತ್ತದೆ, ಒಳಗಿನ ಹಿಮದ ಹರಳು ದೊಡ್ಡದಾಗಿರುತ್ತದೆ. ಗಡ್‌ಬಡ್ ತಿಂದು ಬೆಳೆದ ಊರಿನವರಿಗೆ ಮೊದಲ ಚಮಚಕ್ಕೇ ಗೊತ್ತಾಗುತ್ತದೆ. ಅವರು ಬೈಯುವುದು ಕಂಪನಿಯನ್ನು. ಹಾಳಾದದ್ದು ಗಾಡಿಯಿಂದ ಇಳಿಸಿದ ಪೆಟ್ಟಿ ಅಂಗಡಿಯ ಜಗಲಿಯಲ್ಲಿ ಹತ್ತು ನಿಮಿಷ ಕಾದದ್ದರಿಂದ.

ಶಂಕರಪುರ ಮಲ್ಲಿಗೆ | ಬುಧವಾರ, ಬೆಳಿಗ್ಗೆ 7:50

ಜಗಲಿಯಲ್ಲಿ ಹತ್ತು ನಿಮಿಷ ಎಂದಿರಲ್ಲ, ಅದು ನಮಗೂ ಹೊಂದುತ್ತದೆ. ನಾವು ಬೆಳಗಿನ ಜಾವ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತೇವೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆಲೆಯಲ್ಲಿ ಸುತ್ತಿದ ಅಟ್ಟೆ ನೆರಳಿನಲ್ಲಿದ್ದರೆ ಸಂಜೆಗೂ ಮೊಗ್ಗಾಗಿಯೇ ಇರುತ್ತದೆ. ವಾಹನ ಬರುವ ತನಕ ಬಿಸಿಲಿನ ಕಟ್ಟೆಯ ಮೇಲೆ ಇಟ್ಟರೆ ಮುಂಬಯಿ ಮುಟ್ಟುವ ಮೊದಲೇ ಅರಳಿ ಬಾಡುತ್ತದೆ. ನಮ್ಮಲ್ಲಿ ಮಷಿನ್ ಇಲ್ಲ, ಏನಿಲ್ಲ. ಕಾಯುವ ಜಾಗಕ್ಕೆ ಒಂದು ಸೂರು ಹಾಕಿಸಿಕೊಂಡದ್ದೇ ದೊಡ್ಡ ಉಪಕಾರವಾಯಿತು.

ಬೈಕಂಪಾಡಿ ರೀಫರ್ ಕೆಲಸ | ಬುಧವಾರ, ಮಧ್ಯಾಹ್ನ 1:45

ಎಲ್ಲರೂ ಬರೆದದ್ದನ್ನು ಓದಿದ ಮೇಲೆ ನನಗೂ ಒಂದು ಸ್ಪಷ್ಟವಾಯಿತು. 20 ವರ್ಷ ನಾನು ಮಷಿನನ್ನೇ ನೋಡುತ್ತಾ ಬಂದವ. ಇಲ್ಲಿ ಬಂದ ಕತೆಗಳಲ್ಲಿ ಮಷಿನ್ ಕೆಟ್ಟು ಹಾಳಾದದ್ದು ಒಂದೂ ಇಲ್ಲ. ಏಲಂನಿಂದ ಗಾಡಿಗೆ, ಪ್ಯಾಕ್ ಮಾಡುವವರಿಂದ ಕೊರಿಯರಿಗೆ, ಗಾಡಿಯಿಂದ ಅಂಗಡಿಗೆ, ಎಲ್ಲ ಕಡೆಯೂ ಕೈ ಬದಲಾಗುವ ಹೊತ್ತಿನಲ್ಲೇ ಹೋಗಿದೆ. ಆ ಅರ್ಧ ಗಂಟೆ ಸಾಮಾನು ಕೊಟ್ಟವರದ್ದೂ ಅಲ್ಲ, ತೆಗೆದುಕೊಂಡವರದ್ದೂ ಅಲ್ಲ.

ಮಲ್ಪೆಯವರೇ, ಒಂದು ಸಣ್ಣ ಲಾಗರ್ ತೆಗೆದುಕೊಳ್ಳಿ, ದಾರಿಯುದ್ದಕ್ಕೂ ಎಷ್ಟು ಡಿಗ್ರಿ ಇತ್ತು ಎಂದು ತಾನೇ ದಾಖಲಿಸುವಂಥದ್ದು. ಬೆಂಕಿಪೊಟ್ಟಣದಷ್ಟು ಇರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಬದಿಯ ಬುಟ್ಟಿಯ ನಡುವೆ, ಮೀನಿನ ಮಧ್ಯೆ ಹುಗಿದು ಇಡಿ. ಅಲ್ಲಿ ಸರಿ ಇದ್ದರೆ ಉಳಿದ ಕಡೆಯದ್ದಕ್ಕೆ ಅಷ್ಟು ಹೆದರಬೇಕಾಗಿಲ್ಲ. ಗೋಡೆಗೆ ಅಂಟಿಸಬೇಡಿ, ಅದು ಮತ್ತೆ ಗಾಳಿಯ ಕತೆಯನ್ನೇ ಹೇಳುತ್ತದೆ. ಸೂಜಿ ಥರ್ಮಾಮೀಟರ್ ನಿಮ್ಮ ಕೈಯಲ್ಲೂ ಒಂದು ಇರಲಿ. ಲೋಡ್ ಮಾಡುವಾಗ ಚುಚ್ಚಿ, ಬರೆದು, ಡ್ರೈವರ್ ಸಹಿ ತೆಗೆದುಕೊಳ್ಳಿ. ಇಳಿಸುವಾಗ ಅವರು ಚುಚ್ಚಿ ಬರೆಯಲಿ.

ಮಲ್ಪೆ ಕಡಲತಡಿ | ಮುಂದಿನ ಸೋಮವಾರ, ಬೆಳಿಗ್ಗೆ 8:10

ಎರಡನೆಯ ಲೋಡ್ ಶನಿವಾರ ರಾತ್ರಿ ಹೋಯಿತು. ಎಲ್ಲವನ್ನೂ ಹೇಳುತ್ತೇನೆ.

ಈ ಸಲ 1,400 ಅಲ್ಲ, 1,000 ಕಿಲೋ. ಕಡಿಮೆಯಾದ ಜಾಗಕ್ಕೆ ಐಸ್ ಮತ್ತು ಗಾಳಿ. ಬೋಟಿನಿಂದ ಇಳಿದ ಮೀನಿಗೆ ದಕ್ಕೆಯಲ್ಲೇ ಪುಡಿ ಐಸ್ ಹಾಕಿಸಿದೆ, ಒಂದಕ್ಕೆ ಒಂದು. ಗಾಡಿಗೆ ಹತ್ತಿಸುವ ಮೊದಲು ಐದು ಬುಟ್ಟಿಯಲ್ಲಿ ನಾನೇ ಚುಚ್ಚಿ ನೋಡಿದೆ: 1, 1.5, 1, 2, 1. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ ಒಂದೂವರೆ ಗಂಟೆ ಖಾಲಿ ಓಡಿಸಿದೆವು. ಬಗ್ಗಿ ನೋಡಿದೆ, ಟ್ಯಾಂಕ್ ಇತ್ತು, ವಾಲ್ವಿಗೆ ತಂತಿ ಸುತ್ತಿ ಕಟ್ಟಿಸಿದೆ. ಬುಟ್ಟಿಯ ಮೇಲೆ ಸೀಲಿಂಗ್‌ಗೆ ಒಂದು ಗೇಣು ಜಾಗ, ಕೆಳಗೆ ಜಾಲರಿ, ಬದಿಯಲ್ಲಿ ನಾಲ್ಕು ಬೆರಳು. ಬುಟ್ಟಿ ಅಲ್ಲಾಡದಂತೆ ಹಗ್ಗ. ಲೋಡಿಂಗ್ 35 ನಿಮಿಷದಲ್ಲಿ ಮುಗಿಯಿತು, ಮನೆಯವರೆಲ್ಲ ಸೇರಿದ್ದರು. ಅಪ್ಪನಿಗೆ ಈಗ 71, ಅವರೂ ಬುಟ್ಟಿ ದಾಟಿಸಲಿಕ್ಕೆ ನಿಂತರು.

ಡ್ರೈವರಿಗೆ ಚೀಟಿ ಕೊಟ್ಟೆ. "ಬ್ಲಾಕ್ ಆದರೂ ಇಂಜಿನ್ ಆಫ್ ಬೇಡ, ಆ ಡೀಸೆಲ್ ನಾನು ಕೊಡುತ್ತೇನೆ" ಎಂದು ಬರೆದು ಸಹಿ ಹಾಕಿದೆ. ಓದಿ ಮಡಚಿ ಶರ್ಟಿನ ಕಿಸೆಗೆ ಹಾಕಿಕೊಂಡು, ಹೀಗೆ ಬರೆದು ಕೊಟ್ಟವರು ನೀವೇ ಮೊದಲು ಎಂದ.

ಬೆಂಗಳೂರಿನಲ್ಲಿ ಮುಂದಿನ ಸಾಲು 1, ನಡುವಿನದ್ದು 1.5. ಐಸ್ ಇನ್ನೂ ಉಳಿದಿತ್ತು. ಒಂದು ಬುಟ್ಟಿಯೂ ಹಿಂದಕ್ಕೆ ಬರಲಿಲ್ಲ. ಆದರೆ ಬಾಗಿಲ ಬದಿಯ ಕೆಳಗಿನ ಎರಡು ಬುಟ್ಟಿಯಲ್ಲಿ 4 ಡಿಗ್ರಿ ಇತ್ತು, ಲಾಗರಿನಲ್ಲೂ ನೆಲ್ಯಾಡಿ ದಾಟುವ ಹೊತ್ತಿನಿಂದ ಮೆಲ್ಲಗೆ ಏರಿದ್ದು ಕಾಣುತ್ತದೆ. ಅಲ್ಲಿ ಐಸ್ ಪೂರ್ತಿ ಕರಗಿ ಹೋಗಿತ್ತು. ಖರೀದಿದಾರರು ತೆಗೆದುಕೊಂಡರು, ಆದರೆ ನನಗೆ ಸಮಾಧಾನ ಇಲ್ಲ. ಬುಟ್ಟಿ ಸರಿಯಾಗಿ ಪೇರಿಸಿಯೂ ಅಲ್ಲಿ ಮಾತ್ರ ಯಾಕೆ?

ಬೈಕಂಪಾಡಿ ರೀಫರ್ ಕೆಲಸ | ಸೋಮವಾರ, ಮಧ್ಯಾಹ್ನ 1:20

ಬಾಗಿಲಿನ ರಬ್ಬರ್ ನೋಡಿ. ಹತ್ತು ರೂಪಾಯಿಯ ನೋಟೊಂದನ್ನು ಬಾಗಿಲಿನ ಅಂಚಿಗೆ ಸಿಕ್ಕಿಸಿ, ಬಾಗಿಲು ಹಾಕಿ ಚಿಲಕ ಬಿಗಿ ಮಾಡಿ, ಹೊರಗಿನಿಂದ ಎಳೆಯಿರಿ. ಬಿಗಿಯಾಗಿ ಹಿಡಿದರೆ ರಬ್ಬರ್ ಸರಿ ಇದೆ. ಸುತ್ತ ಒಂದೊಂದು ಅಡಿಗೆ ಹೀಗೆ ನೋಡುತ್ತಾ ಬನ್ನಿ.

ಮಲ್ಪೆ ಕಡಲತಡಿ | ಸೋಮವಾರ, ಸಂಜೆ 5:55

ನೋಡಿದೆ ಅಣ್ಣ. ಮೇಲೆಲ್ಲ ಬಿಗಿ. ಎಡಬದಿಯ ಕೆಳಗಿನ ಮೂಲೆಯಲ್ಲಿ ನೋಟು ಸರಕ್ಕನೆ ಕೈಗೆ ಬಂತು. ರಬ್ಬರ್ ಅಲ್ಲಿ ಒಂದು ಗೇಣಿನಷ್ಟು ಸೀಳಿಹೋಗಿದೆ, ಬುಟ್ಟಿ ಎಳೆಯುವಾಗ ತಾಗಿ ತಾಗಿ ಆದದ್ದಿರಬೇಕು. ಗಾಡಿಯವರಿಗೆ ತೋರಿಸಿದ್ದೇನೆ. ನಾಳೆ ಬೈಕಂಪಾಡಿಗೆ ತರುತ್ತಾರಂತೆ, ಬೆಳಿಗ್ಗೆ ನೀವು ಇರುತ್ತೀರಾ?